ಡಿಗ್ರಿ ಬೇಡ ಎಂದವನ ಲೆಕ್ಕ

ಪಿಯುಸಿ ಫಲಿತಾಂಶ ಬಂದ ವಾರ ಅರಳಿಕಟ್ಟೆಯಲ್ಲೂ ಅದೇ ಮಾತು, ಅಧ್ಯಾಪಕರ ಕೊಠಡಿಯಲ್ಲೂ ಅದೇ: ಈಗಿನ ಹುಡುಗರಿಗೆ ಓದು ಹತ್ತುವುದಿಲ್ಲ, ಮೊಬೈಲು ಸಾಕು. ಪಾಸಾಗಿಯೂ ಡಿಗ್ರಿಗೆ ಸೇರದವನು ಸೋಮಾರಿ. ಆ ಸೋಮಾರಿ ಬೆಳಗ್ಗೆ ಆರಕ್ಕೇ ಫ್ಯಾಕ್ಟರಿ ವ್ಯಾನು ಹತ್ತಿರುತ್ತಾನೆ, ಅದು ಬೇರೆ ಮಾತು.

ನನ್ನ ತಕರಾರು ಇಷ್ಟೇ. ಅವನು ಓದನ್ನು ತಿರಸ್ಕರಿಸಿಲ್ಲ. ತನ್ನ ಕೈಗೆಟಕುವ ಡಿಗ್ರಿಯನ್ನು ತೂಗಿ ನೋಡಿದ್ದಾನೆ. ಬಿ.ಕಾಂ. ಮುಗಿಸಿದ ಅಣ್ಣ ಪಾರ್ಸೆಲ್ ಹಂಚುತ್ತಿರುವ ಮನೆಯಲ್ಲಿ ತಮ್ಮ ಅದೇ ಬ್ಯಾಗನ್ನು ಮೂರು ವರ್ಷ ಮೊದಲೇ ಹೆಗಲಿಗೇರಿಸಿದರೆ, ದಡ್ಡ ಎನ್ನಲು ನನಗೆ ಬಾಯಿ ಬಾರದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ಭಾರತ ಉದ್ಯೋಗ ವರದಿಯಂತೆ, 2022ರಲ್ಲಿ ಪದವೀಧರ ಯುವಜನರ ನಿರುದ್ಯೋಗ ಶೇ 29.1, ಓದುಬರಹ ಬಾರದವರದು ಶೇ 3.4. ಬಾರದವರು ಸುಖವಾಗಿದ್ದಾರೆಂದಲ್ಲ. ಕೂಲಿ ತಪ್ಪಿದರೆ ಅಂದು ಒಲೆ ಉರಿಯದು. ಕೆಲಸಕ್ಕೆ ಕಾಯಲೂ ಮನೆಯಲ್ಲಿ ಗಂಟಿರಬೇಕು. ಡಿಗ್ರಿಯ ಖರ್ಚಿಗೆ ಈ ಕಾಯುವ ವರ್ಷಗಳೂ ಸೇರುತ್ತವೆ: 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ಬರೆದ ಪರೀಕ್ಷೆ ಅಕ್ರಮದಿಂದ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರಲ್ಲಿ. ಧಾರವಾಡದ ಬಾಡಿಗೆ ಕೋಣೆಗಳಲ್ಲಿ ಓದುತ್ತಿದ್ದವರನ್ನು ಕೇಳಿ.

ಕಾಲೇಜಾದರೂ ನಂಬಿಕೆ ಹುಟ್ಟಿಸುತ್ತದೆಯೇ? ಕರ್ನಾಟಕದಲ್ಲಿ 2021ರಲ್ಲಿ ಪದವಿ ನಾಲ್ಕು ವರ್ಷದ್ದಾಯಿತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಸರ್ಕಾರಿ ಕಾಲೇಜುಗಳ ಪಾಠದ ಭಾರ ಹೊತ್ತವರು ಬಹುಪಾಲು ಅತಿಥಿ ಉಪನ್ಯಾಸಕರು. 2023ರ ಕೊನೆಗೆ ಸೇವಾ ಭದ್ರತೆ ಕೇಳಿ ಅವರು ಬೀದಿಗಿಳಿದಾಗ ವಾರಗಟ್ಟಲೆ ತರಗತಿಗಳು ನಿಂತವು. ಎಂ.ಎ. ಮಾಡಿ, ನೆಟ್ ಪಾಸಾಗಿ ಬೋರ್ಡಿನ ಮುಂದೆ ನಿಂತವರೇ ವರ್ಷ ವರ್ಷವೂ ನೇಮಕಕ್ಕೆ ಕಾಯುವುದನ್ನು ಬೆಂಚಿನ ಮೇಲಿರುವವನು ನೋಡುತ್ತಿರುತ್ತಾನೆ.

ಪದವೀಧರರ ಸರಾಸರಿ ಸಂಬಳ ಹೆಚ್ಚು ಎನ್ನುವವರಿದ್ದಾರೆ. ಸುಳ್ಳಲ್ಲ. ಆದರೆ ಬೆಂಗಳೂರಿನ ಎಂಜಿನಿಯರನ್ನೂ ತಾಲ್ಲೂಕು ಕೇಂದ್ರದ ಬಿ.ಎ.ಯನ್ನೂ ಒಂದೇ ಚೀಲಕ್ಕೆ ಸುರಿದು ತೆಗೆದ ಸರಾಸರಿ ಅದು. 2035ಕ್ಕೆ ಕಾಲೇಜು ವಯಸ್ಸಿನ ನೂರರಲ್ಲಿ 50 ಮಂದಿ ಉನ್ನತ ಶಿಕ್ಷಣದಲ್ಲಿರಬೇಕೆಂಬುದು ರಾಷ್ಟ್ರೀಯ ಶಿಕ್ಷಣ ನೀತಿಯ ಗುರಿ. ಅದಕ್ಕಾಗಿ ಬಿಗಿಯುವ ಜಾಗೃತಿ ಭಾಷಣಕ್ಕೆ ಮೊದಲು, ಐದು ವರ್ಷದ ಹಿಂದೆ ಪಾಸಾದವರು ಈಗ ಎಲ್ಲಿ, ಯಾವ ಕೆಲಸದಲ್ಲಿದ್ದಾರೆಂಬ ಪಟ್ಟಿಯನ್ನು ಕಾಲೇಜು ನೋಟಿಸ್ ಬೋರ್ಡಿಗೆ ಅಂಟಿಸಲಿ.

ಹುಡುಗಿಯರ ವಿಷಯದಲ್ಲಿ ಮಾತ್ರ ‘ಲೆಕ್ಕ’ ಎಂಬ ಮಾತನ್ನು ನಾನೇ ಹಿಂತೆಗೆದುಕೊಳ್ಳಬೇಕು. ಅಲ್ಲಿ ತಕ್ಕಡಿ ಹಿಡಿದವರು ಬಹಳ ಸಲ ಬೇರೆಯವರು. ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಟಿಕೆಟಿನ ದುಡ್ಡು ಉಳಿಸಿತು. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಎಂಬ ಅಪ್ಪನ ದಿಗಿಲು ಹಾಗೇ ಇದೆ.