ಶ್ರುತಿವಿಧಾನವೂ ಪಾಠನಿರ್ಣಯವೂ

ಯೊಹಾನ್ ಸೆಬಾಸ್ಟಿಯನ್ ಬಾಖ್ 1722ರಲ್ಲಿ ಸಿದ್ಧಪಡಿಸಿದ ‘ವೆಲ್-ಟೆಂಪರ್ಡ್ ಕ್ಲೇವಿಯರ್’ ಸಂಗ್ರಹದ ಮೊದಲ ಭಾಗದಲ್ಲಿ 24 ಪ್ರೆಲ್ಯೂಡ್‌ಗಳೂ 24 ಫ್ಯೂಗ್‌ಗಳೂ ಇವೆ. ಹನ್ನೆರಡು ಸ್ವರಗಳಲ್ಲಿ ಒಂದೊಂದನ್ನೂ ಆಧಾರವಾಗಿಟ್ಟುಕೊಂಡು, ಮೇಜರ್ ಮತ್ತು ಮೈನರ್ ಎಂಬ ಎರಡು ಬಗೆಗಳಲ್ಲಿಯೂ ರಚನೆಗಳನ್ನು ಮಾಡಿರುವುದು ಈ ಸಂಗ್ರಹದ ವೈಶಿಷ್ಟ್ಯ. ಚೆನ್ನಾಗಿ ಶ್ರುತಿಗೂಡಿಸಿದ ಕೀಲಿಮಣೆ ವಾದ್ಯವೆಂಬುದು ಶೀರ್ಷಿಕೆಯ ಅರ್ಥ. ಆ ‘ಚೆನ್ನಾಗಿ’ ಎಂಬುದು ಯಾವ ಕ್ರಮದ ಶ್ರುತಿ? ಬಾಖ್ ಬರೆದಿಟ್ಟ ವಿವರಣೆಯೊಂದೂ ದೊರೆತಿಲ್ಲ. ಹಿಂದೆ ಪಂಡಿತರಿಗೂ ಶ್ರುತಿಕಾರರಿಗೂ ಸೀಮಿತವಾಗಿದ್ದ ಈ ಪ್ರಶ್ನೆ ಇಂದು ವಿದ್ಯಾರ್ಥಿಯ ಬೆರಳ ತುದಿಗೇ ಬಂದಿದೆ. ಸಮಶ್ರುತಿ, ಮೀನ್‌ಟೋನ್, ವೆರ್ಕ್‌ಮೈಸ್ಟರ್, ಕಿರ್ನ್‌ಬೆರ್ಗರ್ ಮೊದಲಾದ ವಿಧಾನಗಳನ್ನು ಒಂದು ಗುಂಡಿಯನ್ನೊತ್ತಿ ಬದಲಿಸುವ ಅನುಕೂಲ ಅನೇಕ ಡಿಜಿಟಲ್ ಪಿಯಾನೊಗಳಲ್ಲಿದೆ.

ಸಮಸ್ಯೆಯ ಮೂಲ ಗಣಿತದಲ್ಲಿದೆ. ಶುದ್ಧ ಪಂಚಮದ ಅಂತರದಲ್ಲಿ ಹನ್ನೆರಡು ಸಲ ಏರಿದರೆ, ಏಳು ಸ್ಥಾಯಿಗಳನ್ನು ಮೀರಿ ಸುಮಾರು 23.5 ಸೆಂಟ್ ಉಳಿಯುತ್ತದೆ. ಒಂದು ಸ್ಥಾಯಿಗೆ 1200 ಸೆಂಟ್ ಎಂಬುದು ಇಲ್ಲಿಯ ಲೆಕ್ಕ. ಈ ಹೆಚ್ಚಳವನ್ನು ಎಲ್ಲಿಯಾದರೂ ಕಳೆಯಲೇಬೇಕು. ಸಮಶ್ರುತಿಯು ಅದನ್ನು ಹನ್ನೆರಡು ಪಂಚಮಗಳಿಗೂ ಸಮನಾಗಿ ಹಂಚುತ್ತದೆ. ಅದರಿಂದಾಗಿ 386 ಸೆಂಟ್ ಇರಬೇಕಾದ ಅಂತರ ಗಾಂಧಾರ ಎಲ್ಲೆಡೆಯೂ 400 ಸೆಂಟ್ ಆಗುತ್ತದೆ. ವೆರ್ಕ್‌ಮೈಸ್ಟರ್ 1691ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕ್ರಮದಲ್ಲಿ ನಾಲ್ಕು ಪಂಚಮಗಳು ಮಾತ್ರ ಆ ಭಾರವನ್ನು ಹೊರುತ್ತವೆ. ಆದಕಾರಣ ‘ಸಿ’ಯ ಮೇಲಿನ ಗಾಂಧಾರ ಸುಮಾರು 390 ಸೆಂಟ್, ‘ಸಿ ಶಾರ್ಪ್’ನ ಮೇಲಿನದು ಸುಮಾರು 408 ಸೆಂಟ್.

ಈಗ ಕೃತಿಯನ್ನೇ ಪರೀಕ್ಷಿಸೋಣ. ಮೀನ್‌ಟೋನ್ ಹೊಂದಿಕೆಯಲ್ಲಿ ‘ಸಿ ಮೇಜರ್’ ಪ್ರೆಲ್ಯೂಡ್ ಅತ್ಯಂತ ಮಧುರ. ಆದರೆ ‘ಸಿ ಶಾರ್ಪ್ ಮೇಜರ್’ ಪ್ರೆಲ್ಯೂಡಿನಲ್ಲಿ ಗಾಂಧಾರ 427 ಸೆಂಟಿಗೇರಿ ಕಿವಿಗೆ ಅಸಹ್ಯವಾಗುತ್ತದೆ. ಕೃತಿಯ ಆಂತರಿಕ ಸಾಕ್ಷ್ಯದಿಂದಲೇ ಈ ವಿಧಾನ ಬಿದ್ದುಹೋಗುತ್ತದೆ. ಎಲ್ಲ ಆಧಾರಸ್ವರಗಳನ್ನೂ ಬಳಸಿರುವುದರಿಂದ ಸಮಶ್ರುತಿಯೇ ಕರ್ತೃವಿನ ಉದ್ದೇಶವೆಂದು ಬಹುಕಾಲ ವಾದಿಸಲಾಗಿತ್ತು. ಈ ವಾದವನ್ನು ನಾವು ಒಪ್ಪಲಾರೆವು. ಎಲ್ಲ ಆಧಾರಗಳಲ್ಲಿಯೂ ನುಡಿಸಬಹುದೆಂಬುದು ಒಂದು ಮಾತು. ಎಲ್ಲವೂ ಒಂದೇ ಬಗೆಯಾಗಿ ಕೇಳಬೇಕೆಂಬುದು ಬೇರೆ ಮಾತು. ‘ಸಿ ಮೇಜರ್’ ಪ್ರೆಲ್ಯೂಡ್ ಸ್ವರಮೇಳಗಳನ್ನು ಬಿಡಿಸಿ ನಿಧಾನವಾಗಿ ಕೇಳಿಸುತ್ತದೆ. ‘ಸಿ ಶಾರ್ಪ್ ಮೇಜರ್’ನದು ಬಹುಮಟ್ಟಿಗೆ ಎರಡೇ ಎಳೆಗಳ ವೇಗದ ಓಟ, ತೀಕ್ಷ್ಣ ಗಾಂಧಾರದ ಮೇಲೆ ಅದು ತಂಗುವುದು ಕಡಿಮೆ. ವೆರ್ಕ್‌ಮೈಸ್ಟರ್ ಹೊಂದಿಕೆಯಲ್ಲಿ ಮೊದಲನೆಯದರ ನೆಮ್ಮದಿಯೂ ಎರಡನೆಯದರ ಚಾಪಲ್ಯವೂ ಎದ್ದು ತೋರುತ್ತವೆ. ಸಮಶ್ರುತಿಯಲ್ಲಿ ಶ್ರುತಿಯ ಮಟ್ಟಿಗೆ ಉಳಿಯುವುದು ಎತ್ತರದ ಭೇದ ಮಾತ್ರ. ಆದರೂ ಬಾಖ್ ಬಳಸಿದ್ದು ವೆರ್ಕ್‌ಮೈಸ್ಟರ್ ಕ್ರಮವನ್ನೇ ಎಂದು ಇದರಿಂದ ಸಿದ್ಧವಾಗದು. ಹಸ್ತಪ್ರತಿಯ ಮುಖಪುಟದ ಸುರುಳಿಗೆರೆಗಳಲ್ಲಿಯೇ ಶ್ರುತಿಸೂತ್ರ ಅಡಗಿದೆಯೆಂದು 2005ರಲ್ಲಿ ಬ್ರಾಡ್ಲಿ ಲೇಮನ್ ಮಂಡಿಸಿದ ವಾದವೂ ಸರ್ವಸಮ್ಮತವಾಗಿಲ್ಲ.

ಗ್ರಂಥಸಂಪಾದನೆಯ ಅಭ್ಯಾಸವುಳ್ಳವರಿಗೆ ಈ ಸ್ಥಿತಿ ಪರಿಚಿತವೇ. ಕರ್ತೃವಿನ ಮೂಲಪಾಠ ನಿಶ್ಚಿತವಾಗಿ ದೊರೆಯದ ಕಡೆ ಸಂಪಾದಕನು ಪಾಠಾಂತರಗಳನ್ನು ತೂಗಿ ಒಂದನ್ನು ಸ್ವೀಕರಿಸುತ್ತಾನೆ, ಉಳಿದವನ್ನು ಅಡಿಯಲ್ಲಿ ಕಾಣಿಸುತ್ತಾನೆ. ತಯಾರಕರು ಮೊದಲೇ ಹೂಡಿಟ್ಟ ಸಮಶ್ರುತಿಯನ್ನು ವಿಚಾರಿಸದೆ ಒಪ್ಪುವುದು, ಅಡಿಟಿಪ್ಪಣಿಯಿಲ್ಲದ ಅಚ್ಚಿನ ಪ್ರತಿಯನ್ನು ಕವಿಯ ಸ್ವಹಸ್ತಾಕ್ಷರವೆಂದು ನಂಬಿದಂತೆ. ನಮ್ಮಲ್ಲಿ 1940ರಲ್ಲಿ ಹಾರ್ಮೋನಿಯಂ ಆಕಾಶವಾಣಿಯಿಂದ ನಿಷಿದ್ಧವಾದಾಗ, ಅದರ ಸ್ವರಸ್ಥಾನಗಳು ಬದಲಿಸಲಾಗದಂತೆ ನಿಂತಿವೆಯೆಂಬುದು ಆಕ್ಷೇಪಗಳಲ್ಲೊಂದಾಗಿತ್ತು. ಅಲ್ಲಿ ಹೊಣೆಯನ್ನು ವಾದ್ಯದ ಮೇಲೆ ಹೊರಿಸಬಹುದಾಗಿತ್ತು. ಆಯ್ಕೆಯನ್ನು ಮುಂದಿಡುವ ವಾದ್ಯದಲ್ಲಿ ಆ ಹೊಣೆ ನುಡಿಸುವವನದೇ.

ಆದುದರಿಂದ ತರಗತಿಯಲ್ಲಿ ಈ ಕೃತಿಯನ್ನು ನುಡಿಸಿ ತೋರಿಸುವ ಅಧ್ಯಾಪಕರು ಮೊದಲು ತಾವು ಆರಿಸಿದ ಶ್ರುತಿವಿಧಾನವನ್ನು ಹೇಳಬೇಕು. ಬಳಿಕ ಅದೇ ಭಾಗವನ್ನು ಮತ್ತೊಂದರಲ್ಲಿಯೂ ಕೇಳಿಸಬೇಕು. ಹಾಗೆ ಕೇಳಿದ ವಿದ್ಯಾರ್ಥಿ ತನ್ನ ಕಿವಿಯಿಂದಲೇ ತೀರ್ಮಾನಿಸಲು ಕಲಿಯುತ್ತಾನೆ. ಕೇಳದವನು ಕಾರ್ಖಾನೆಯ ತೀರ್ಮಾನವನ್ನೇ ಬಾಖ್‌ನದೆಂದು ತಿಳಿದು ಹೋಗುತ್ತಾನೆ.