ಬೀರುವಿನೊಳಗಿನ ಸುರಕ್ಷತೆ

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಮನೆಯಲ್ಲಿ ಎದ್ದ ಬೆಂಕಿ ತರಗತಿಗಳ ಚಾವಣಿಗೂ ಹಬ್ಬಿ 94 ಮಕ್ಕಳನ್ನು ಬಲಿ ತೆಗೆದುಕೊಂಡಿತು. ಆ ದುರಂತದ ಬಳಿಕ ಸಲ್ಲಿಕೆಯಾದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ಸುರಕ್ಷಿತ ಶಾಲೆಯು ಮಗುವಿನ ಶಿಕ್ಷಣದ ಹಕ್ಕಿನಲ್ಲೇ ಅಡಕವಾಗಿದೆ ಎಂದು ತೀರ್ಪಿತ್ತಿತು. 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಶಾಲಾ ಸುರಕ್ಷತೆಯ ಮಾರ್ಗಸೂಚಿಯನ್ನು ಹೊರತಂದಿತು.

ಈ ಮಾರ್ಗಸೂಚಿ ಮೆಚ್ಚತಕ್ಕದ್ದೇ. ಪ್ರತಿಯೊಂದು ಶಾಲೆಗೂ ತನ್ನದೇ ಯೋಜನೆಯಿರಬೇಕು, ಅಣಕು ಕಾರ್ಯಾಚರಣೆ ನಡೆಯಬೇಕು ಎಂದು ಅದು ವಿಧಿಸುತ್ತದೆ. ಮಹಾ ವಿಪತ್ತುಗಳನ್ನಷ್ಟೇ ಅಲ್ಲ, ದಿನನಿತ್ಯದ ಸಣ್ಣ ಅಪಾಯಗಳನ್ನೂ ಅದು ಗಣನೆಗೆ ತೆಗೆದುಕೊಳ್ಳುತ್ತದೆ.

ಆದರೆ ಪರಿಶೀಲನೆಗೆಂದೇ ಬರೆದ ಯೋಜನೆ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಭದ್ರವಾಗಿದ್ದರೆ ಮಕ್ಕಳು ಭದ್ರವಾಗಿರುವರೇ? ದಿನ, ಗಳಿಗೆ ಸಾರಿ ನಡೆಸುವ ಅಣಕು ಕಾರ್ಯಾಚರಣೆ ಬರಿಯ ಪ್ರದರ್ಶನವಾಗುತ್ತದೆ. ಒಂದು ಮೆಟ್ಟಿಲ ದಾರಿ ಹೊಗೆಯಿಂದ ಮುಚ್ಚಿದರೆ ಇನ್ನೊಂದು ದಾರಿ ಯಾವುದು? ನಡೆಯಲಾಗದ ಮಗುವನ್ನು ಎತ್ತಿಕೊಂಡು ಬರುವವರು ಯಾರು? ಗೇಟಿನ ಬೀಗದ ಕೈ ಎಲ್ಲಿದೆ? ಯೋಜನೆಯ ಬೆಲೆ ತಿಳಿಯುವುದು ಇಲ್ಲಿ. ಶಾಲೆಗಳನ್ನು ನಡೆಸುವ ನಾವೂ ಈ ಟೀಕೆಗೆ ಹೊರತಲ್ಲ.

ತಂದೆತಾಯಂದಿರೇ, ಪೋಷಕರ ಸಭೆಯಲ್ಲಿ ಅಂಕಗಳ ಜೊತೆಗೆ ಈ ಪ್ರಶ್ನೆಗಳನ್ನೂ ಕೇಳಿರಿ. ಮನೆಯ ದೂರವಾಣಿ ಸಂಖ್ಯೆಯನ್ನೂ ತುರ್ತು ಸಂಖ್ಯೆ 112ನ್ನೂ ಮಗುವಿಗೆ ಬಾಯಿಪಾಠ ಮಾಡಿಸಿರಿ. ಆಪತ್ತಿನಲ್ಲಿ ಶಾಲೆಯಿಂದ ಕರೆತರುವವರು ಯಾರೆಂದು ಮೊದಲೇ ಗೊತ್ತುಮಾಡಿರಿ. ಕೇಳುವವರಿದ್ದರೆ ಮಾತ್ರ ಆ ಯೋಜನೆ ಬೀರುವಿನಿಂದ ಹೊರಬಂದೀತು.