ಆಟ್ಟಕ್ಕಳರಿಯ ನೃತ್ಯಶಿಕ್ಷಣ

ಬೆಂಗಳೂರಿನಲ್ಲಿ 1992ರಲ್ಲಿ ಸ್ಥಾಪಿತವಾದ ‘ಆಟ್ಟಕ್ಕಳರಿ’ ಸಂಸ್ಥೆಯ ಹೆಸರು ಮಲೆಯಾಳದ್ದು; ಆಟ್ಟವೆಂದರೆ ನರ್ತನ, ಕಳರಿಯೆಂದರೆ ಗರಡಿ. ಸಮಕಾಲೀನ ನೃತ್ಯವನ್ನು ವೃತ್ತಿಯಾಗಿ ಹಿಡಿಯುವವರಿಗೆ ಡಿಪ್ಲೊಮಾ ಶಿಕ್ಷಣವನ್ನೇರ್ಪಡಿಸಿದ ಈ ಸಂಸ್ಥೆಯು ಭರತನಾಟ್ಯವನ್ನೂ ಕಳರಿಪ್ಪಯಟ್ಟನ್ನೂ ಪಾಶ್ಚಾತ್ಯ ಅಂಗಸಾಧನೆಯೊಡನೆ ಬೆಸೆಯಿತು. ಗರಡಿಗೂ ನೃತ್ಯಕ್ಕೂ ಏನು ನಂಟೆಂದು ಮೂಗುಮುರಿಯುವವರು, ಮೈಸೂರರಮನೆಯ ನರ್ತಕಿ ಜಟ್ಟಿ ತಾಯಮ್ಮನವರು ಜಟ್ಟಿಯೊಬ್ಬರ ಮಗಳೆಂಬುದನ್ನು ಮರೆತಿರುವರು.

ಆದರೆ ತಾಯಮ್ಮನವರ ಪರಂಪರೆಯಲ್ಲಿ ಅಂಗಶುದ್ಧಿಯೊಂದೇ ಸಾಲದಾಗಿತ್ತು. ಅಮರುಕನ ಶ್ಲೋಕವನ್ನು ಅರ್ಥವರಿತು ಅಭಿನಯಿಸಬೇಕಾಗಿತ್ತು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ತಂದುದೂ ಈ ಸಂಪತ್ತನ್ನೇ. ಹೊಸ ನೃತ್ಯವು ಪದವನ್ನು ಬಿಟ್ಟು ಚಲನೆಯನ್ನೇ ನುಡಿಯಾಗಿಸಿಕೊಂಡುದು ದೋಷವಲ್ಲ. ಆದರೂ ಅದೇ ಸಂಸ್ಥೆಯ ‘ಕ್ರೋನೊಟೋಪಿಯಾ’ವು ಚಿಲಪ್ಪದಿಕಾರದಿಂದ ಹುಟ್ಟಿದ ಕೃತಿಯಷ್ಟೆ! ಕಣ್ಣಗಿಯ ಕೋಪವು ಬೆನ್ನೆಲುಬಿನಿಂದ ಮಾತ್ರ ಬರಲಾರದು. ಇಂತಹ ಶಿಕ್ಷಣದಲ್ಲಿ ಕಾವ್ಯಪಾಠಕ್ಕೆ ದಿನಕ್ಕೊಂದು ಗಳಿಗೆಯನ್ನು ಕೇಳುವುದು ಅತಿಯಾಸೆಯಲ್ಲವೆಂದು ನಮ್ಮ ಮತವು.